ಟ್ರಾಮಿಗೆ ಮುಂಚೆ ಊರು ಬಿಟ್ಟ ಕಾಂತಸೂಜಿ

1904ರಿಂದ 1906ರವರೆಗೆ ಎರಡು ವರ್ಷ ಕಾಲ ಮುಂಬಯಿಯ ಸರ್ಕಾರಿ ವೀಕ್ಷಣಾಲಯದವರು ಒಂದೇ ಕೆಲಸವನ್ನು ಎರಡು ಊರುಗಳಲ್ಲಿ ಮಾಡಿದರು. ಒಂದು ಕಡೆ ಕೊಲಾಬಾ. ಇನ್ನೊಂದು ಕಡೆ ಕೊಲ್ಲಿಯಾಚೆ, ದಕ್ಷಿಣಕ್ಕೆ ಸುಮಾರು 30 ಕಿಲೊಮೀಟರ್ ದೂರದ ಅಲಿಬಾಗ್. ಎರಡೂ ಕಡೆ ಕತ್ತಲೆ ಕೋಣೆಗಳಲ್ಲಿ ಸಣ್ಣ ಅಯಸ್ಕಾಂತಗಳು ತೂಗುತ್ತಿದ್ದವು. ಅವು ಎಷ್ಟು ಹೊರಳಿದವು ಎಂಬುದನ್ನು ಎರಡೂ ಕಡೆ ಹಗಲಿರುಳು ದಾಖಲು ಮಾಡಲಾಗುತ್ತಿತ್ತು. ಲೆಕ್ಕ ತಪಾಸಣೆಯ ಅಧಿಕಾರಿ ಯಾರಾದರೂ ಬಂದು ನೋಡಿದ್ದರೆ ಇದೊಂದು ದಂಡದ ಖರ್ಚು ಎಂದು ಷರಾ ಬರೆದುಬಿಡುತ್ತಿದ್ದರೇನೋ. ಆದರೆ ಈ ಜೋಡಿ ಲೆಕ್ಕಕ್ಕೆ ಕಾರಣವಿತ್ತು. ಆ ಕಾರಣ ಒಂದು ಟ್ರಾಮು. ಅದೂ ಇನ್ನೂ ಬಂದಿರದ ಟ್ರಾಮು.

ಇಂದು ದೊಡ್ಡ ಪ್ರಯೋಗಾಲಯವನ್ನೋ ಆಸ್ಪತ್ರೆಯನ್ನೋ ಕಟ್ಟುವ ಮೊದಲು ಎಂಜಿನಿಯರುಗಳು ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಇಲ್ಲಿ ಇಡಲಿರುವ ಸೂಕ್ಷ್ಮ ಉಪಕರಣಗಳಿಗೆ ಸುತ್ತಮುತ್ತಲಿನ ತಂತಿ, ರೈಲು, ಲಿಫ್ಟು, ಟ್ರಾನ್ಸ್‌ಫಾರ್ಮರುಗಳಿಂದ ಕಣ್ಣಿಗೆ ಕಾಣದ ತೊಂದರೆ ಎಷ್ಟಾಗಬಹುದು? ಗೋಡೆ ಏಳುವ ಮುಂಚೆಯೇ ಅದನ್ನು ಅಂದಾಜು ಮಾಡಬಹುದೇ? ಇದಕ್ಕೆ ವಿದ್ಯುತ್ಕಾಂತೀಯ ಅಡಚಣೆಯ ಮುನ್ನಂದಾಜು ಎಂಬ ಭಾರವಾದ ಹೆಸರಿದೆ. ಹೆಸರು ಹೊಸದು, ಪ್ರಶ್ನೆ ಹಳೆಯದು. ಒಂದು ನೂರು ಇಪ್ಪತ್ತು ವರ್ಷಗಳ ಹಿಂದೆ ಕೊಲಾಬಾದಲ್ಲಿ ಅದನ್ನು ಕೇಳಿದ್ದಲ್ಲದೆ, ಉತ್ತರದಂತೆ ನಡೆದುಕೊಂಡದ್ದೂ ಉಂಟು.

ಕೊಲಾಬಾದ ವೀಕ್ಷಣಾಲಯವನ್ನು 1826ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿತು. ಬಂದರಿಗೆ ಬರುವ ಹಡಗುಗಳಿಗೆ ಸರಿಯಾದ ಸಮಯ ತಿಳಿಸುವುದು, ನಕ್ಷತ್ರಗಳನ್ನು ನೋಡುವುದು ಅದರ ಮೊದಲ ಉದ್ದೇಶ. 1841ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಪ್ರಾಧ್ಯಾಪಕ ಆರ್ಥರ್ ಬೆಡ್‌ಫರ್ಡ್ ಆರ್ಲೆಬಾರ್ ಅವರ ಕಾಲದಲ್ಲಿ ಭೂಮಿಯ ಕಾಂತಕ್ಷೇತ್ರದ ಅಳತೆ ಆರಂಭವಾಯಿತು. 1846ರಿಂದ ಅದು ತಡೆಯಿಲ್ಲದೆ ನಡೆಯಿತು.

ಏನನ್ನು ಅಳೆಯುತ್ತಿದ್ದರು? ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ತಿರುಗಿ ನಿಲ್ಲುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದು ಸುಮ್ಮನೆ ನಿಲ್ಲುವುದಿಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಸೂರ್ಯ ಏರಿದಂತೆ ಅದು ಸ್ವಲ್ಪ ಒಂದು ಕಡೆಗೆ ವಾಲುತ್ತದೆ, ಇಳಿದಂತೆ ಮರಳುತ್ತದೆ. ಮುಂಬಯಿಯಲ್ಲಿ ಭೂಮಿಯ ಕಾಂತಕ್ಷೇತ್ರದ ಬಲ, ಇಂದಿನ ಅಳತೆಯಲ್ಲಿ ಹೇಳುವುದಾದರೆ, ಸುಮಾರು 40,000 ನ್ಯಾನೊಟೆಸ್ಲಾ. ದಿನದ ಏರಿಳಿತ ಕೆಲವು ಹತ್ತು ನ್ಯಾನೊಟೆಸ್ಲಾ ಮಾತ್ರ. 50 ಎಂದೇ ಹಿಡಿದರೂ ಎಂಟು ನೂರರಲ್ಲಿ ಒಂದು ಪಾಲು. ಈ ಸಣ್ಣ ತುಯ್ದಾಟದಲ್ಲೇ ಮೇಲಿನ ವಾಯುಮಂಡಲದಲ್ಲಿ ಹರಿಯುವ ವಿದ್ಯುತ್ತಿನ ಸುದ್ದಿಯಿದೆ, ಸೂರ್ಯನ ಮೇಲಿನ ಸ್ಫೋಟಗಳ ಸುದ್ದಿಯಿದೆ. ದೊಡ್ಡ ಅಂಕಿಗಿಂತ ಅದರ ಚಿಲ್ಲರೆಯೇ ಇಲ್ಲಿ ಮುಖ್ಯ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಅವುಗಳ ನಡುವೆ ಥಟ್ಟನೆ ಬಿಳಿಯ ಬೆಳಕು ಹೊಳೆದದ್ದನ್ನು ಕಂಡರು. ಮರುದಿನ ಭೂಮಿಯ ಕಾಂತಕ್ಷೇತ್ರ ಅಲ್ಲೋಲಕಲ್ಲೋಲವಾಯಿತು. ಯುರೋಪಿನ ಕೆಲವು ವೀಕ್ಷಣಾಲಯಗಳಲ್ಲಿ ಛಾಯಾಗ್ರಹಣದ ಕಾಗದದ ಮೇಲೆ ಗೆರೆ ಬರೆಯುವ ಉಪಕರಣಗಳಿದ್ದವು. ಅಲ್ಲಿ ಗೆರೆ ಕಾಗದದ ಅಂಚನ್ನೇ ದಾಟಿ ಹೋಯಿತು. ಕೊಲಾಬಾದಲ್ಲಿ ಆಗ ಮನುಷ್ಯರೇ ಕಣ್ಣಿಟ್ಟು ನೋಡಿ ಬರೆದುಕೊಳ್ಳಬೇಕಿತ್ತು. ಸಾಮಾನ್ಯ ದಿನಗಳಲ್ಲಿ ಗಂಟೆಗೊಮ್ಮೆ. ಮುಳ್ಳು ಅಂಕೆ ತಪ್ಪಿದ ದಿನ ಕಾಲು ಗಂಟೆಗೊಮ್ಮೆ, ಐದು ನಿಮಿಷಕ್ಕೊಮ್ಮೆ. ಸೆಪ್ಟೆಂಬರ್ 2ರಂದು ಕ್ಷೇತ್ರ ಸುಮಾರು 1,600 ನ್ಯಾನೊಟೆಸ್ಲಾ ಕುಸಿದು ಮೇಲೆದ್ದದ್ದು ಅವರ ಬರಹದಲ್ಲಿ ಉಳಿಯಿತು. 2003ರಲ್ಲಿ ಭಾರತದ ಮತ್ತು ಹೊರದೇಶಗಳ ವಿಜ್ಞಾನಿಗಳು ಸೇರಿ ಆ ಬಿರುಗಾಳಿಯ ಉಗ್ರತೆಯನ್ನು ಹೊಸದಾಗಿ ಅಳೆದಾಗ ಆಧಾರವಾಗಿ ದೊರೆತದ್ದು ಈ ಕೊಲಾಬಾ ದಾಖಲೆ. ಅದನ್ನು ಬರೆದವರಿಗೆ ತಮ್ಮ ಅಂಕಿಗಳು ಒಂದು ನೂರು ನಲವತ್ತು ವರ್ಷಗಳ ಮೇಲೆ ಯಾರ ಕೆಲಸಕ್ಕೆ ಬಂದೀತು ಎಂಬ ಊಹೆ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

ಇಂಥ ದಾಖಲೆಯ ಬೆಲೆ ಇರುವುದು ಅದರ ಉದ್ದದಲ್ಲಿ. ನಡುವೆ ಹತ್ತು ವರ್ಷ ಕೆಟ್ಟರೆ ಆಮೇಲೆ ತಿದ್ದಿ ಸೇರಿಸಲು ಬರುವುದಿಲ್ಲ. ಕಳೆದುಹೋದ ದಿನದ ಕಾಂತಕ್ಷೇತ್ರವನ್ನು ಮತ್ತೆ ಅಳೆಯುವ ಉಪಾಯವಿಲ್ಲ.

ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮುಗಳು 1874ರಿಂದ ಓಡುತ್ತಿದ್ದವು. ಅವುಗಳ ಒಂದು ತುದಿ ಕೊಲಾಬಾವೇ. ಕುದುರೆಯಿಂದ ಕಾಂತಸೂಜಿಗೆ ಯಾವ ಬಾಧೆಯೂ ಇಲ್ಲ, ಲಾಳದ ಕಬ್ಬಿಣ ಬಿಟ್ಟರೆ. ಶತಮಾನ ತಿರುಗುವ ಹೊತ್ತಿಗೆ ಟ್ರಾಮಿಗೆ ವಿದ್ಯುತ್ತು ಕೊಡುವ ಯೋಜನೆ ಬಂತು. ಆಗ ವೀಕ್ಷಣಾಲಯದ ನಿರ್ದೇಶಕರಾಗಿದ್ದವರು ನಾನಾಭಾಯ್ ಅರ್ದೇಶಿರ್ ಫ್ರಾಮ್‌ಜಿ ಮೂಸ್. 1896ರಲ್ಲಿ ಆ ಸ್ಥಾನಕ್ಕೆ ಬಂದ ಪಾರ್ಸಿ ವಿದ್ವಾಂಸರು. ಅಲ್ಲಿನ ಮೊದಲ ಭಾರತೀಯ ನಿರ್ದೇಶಕರು.

ವಿದ್ಯುತ್ ಟ್ರಾಮು ಸೂಜಿಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಂದಿನ ಕಟ್ಟಡಗಳ ತೊಂದರೆಯೂ ಬಹುಪಾಲು ಇದೇ ಜಾತಿಯದು. ತಂತಿಯಲ್ಲಿ ವಿದ್ಯುತ್ತು ಹರಿದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಒಂಟಿ ತಂತಿಯೊಂದರಲ್ಲಿ 1,000 ಆಂಪೇರ್ ಹರಿಯುತ್ತಿದೆ ಎನ್ನಿ. ನೂರು ಮೀಟರ್ ದೂರದಲ್ಲಿ ಅದರ ಕ್ಷೇತ್ರ 2,000 ನ್ಯಾನೊಟೆಸ್ಲಾ. ಆದರೆ ವಿದ್ಯುತ್ತು ಹೋದರೆ ಸಾಲದು, ಹಿಂದಿರುಗಲೂ ಬೇಕು. ಟ್ರಾಮಿನಲ್ಲಿ ಅದು ತಲೆಯ ಮೇಲಿನ ತಂತಿಯಿಂದ ಬಂದು ಕಾಲಡಿಯ ಕಂಬಿಯಿಂದ ವಾಪಸು ಹೋಗುತ್ತದೆ. ಹೋಗುವ ಪ್ರವಾಹ ಒಂದು ಕಡೆಗೆ ಎಳೆದರೆ ಬರುವ ಪ್ರವಾಹ ಇನ್ನೊಂದು ಕಡೆಗೆ ಎಳೆಯುತ್ತದೆ. ದೂರದಿಂದ ನೋಡಿದರೆ ಎರಡೂ ಬಹುಮಟ್ಟಿಗೆ ಹೊಡೆದುಹೋಗುತ್ತವೆ. ತಂತಿಗೂ ಕಂಬಿಗೂ ಐದು ಮೀಟರ್ ಅಂತರವಿದ್ದರೆ ನೂರು ಮೀಟರಿನಲ್ಲಿ ಉಳಿಯುವುದು 100 ನ್ಯಾನೊಟೆಸ್ಲಾ; ಒಂದು ಕಿಲೊಮೀಟರಿನಲ್ಲಿ ಬರೀ 1. ದೂರ ಹತ್ತು ಪಟ್ಟಾದರೆ ಕ್ಷೇತ್ರ ನೂರು ಪಟ್ಟು ಕುಗ್ಗುತ್ತದೆ.

ಇಷ್ಟೇ ಆಗಿದ್ದರೆ ಯಾರೂ ಊರು ಬಿಡಬೇಕಾಗಿರಲಿಲ್ಲ. ತೊಂದರೆ ಕಂಬಿಯಲ್ಲಿದೆ. ರಸ್ತೆಯಲ್ಲಿ ಹೂತ ಕಂಬಿ ಎಂದರೆ ಗದ್ದೆಗೆ ನೀರು ಹಾಯಿಸುವ ಮಣ್ಣಿನ ಕಾಲುವೆ ಇದ್ದ ಹಾಗೆ. ಹರಿಯುವ ನೀರೆಲ್ಲ ತುದಿ ಮುಟ್ಟುವುದಿಲ್ಲ, ದಾರಿಯಲ್ಲಿ ಇಂಗುತ್ತದೆ. ಕಂಬಿಯ ವಿದ್ಯುತ್ತೂ ಹಾಗೆಯೇ ನೆಲಕ್ಕೆ ಸೋರಿ, ನೀರಿನ ಕೊಳವೆ ಸಿಕ್ಕಿದರೆ ಅದನ್ನು ಹಿಡಿದು, ಒದ್ದೆ ಮಣ್ಣು ಸಿಕ್ಕಿದರೆ ಅದರಲ್ಲಿ ಹರಡಿ, ಎಲ್ಲೆಲ್ಲಿಯೋ ಸುತ್ತಿ ವಿದ್ಯುತ್ ಸ್ಥಾವರಕ್ಕೆ ಮರಳುತ್ತದೆ. ಹತ್ತರಲ್ಲಿ ಒಂದು ಪಾಲು, ಅಂದರೆ 100 ಆಂಪೇರ್ ಸೋರಿತು ಎಂದು ಹಿಡಿಯಿರಿ. ಆ ಪಾಲಿಗೆ ಜೋಡಿಯಿಲ್ಲ. ಅದು ಒಂಟಿ ತಂತಿಯ ಲೆಕ್ಕ. ನೂರು ಮೀಟರಿನಲ್ಲಿ 200 ನ್ಯಾನೊಟೆಸ್ಲಾ, ಒಂದು ಕಿಲೊಮೀಟರಿನಲ್ಲಿ 20. ಹತ್ತಿರದಲ್ಲಿ ಎರಡು ಪಟ್ಟು ಮಾತ್ರ ಹೆಚ್ಚಿದ್ದ ಸೋರಿಕೆ ದೂರದಲ್ಲಿ ಇಪ್ಪತ್ತು ಪಟ್ಟಾಗಿ ನಿಲ್ಲುತ್ತದೆ. ಮೇಲಾಗಿ ಆ ಕಾಲದ ಟ್ರಾಮುಗಳಿಗೆ ಕೊಡುತ್ತಿದ್ದದ್ದು ಡಿ.ಸಿ. ಎಂದು ಕರೆಯುವ ಏಕಮುಖ ಪ್ರವಾಹ. ಟ್ರಾಮು ಹೊರಟಾಗ ಏರಿ, ನಿಂತಾಗ ಇಳಿಯುವ ಈ ಪ್ರವಾಹದ ಗುರುತು ಸೂಜಿಯ ಗೆರೆಯ ಮೇಲೆ ಸೂರ್ಯನ ಗುರುತಿನಂತೆಯೇ ಬೀಳುತ್ತದೆ. ಯಾವುದು ಸೂರ್ಯನದು, ಯಾವುದು ಆರೂವರೆಯ ಟ್ರಾಮಿನದು ಎಂದು ಬೇರ್ಪಡಿಸುವುದು ಹೇಗೆ?

ಮೂಸ್ ಅವರಿಗೆ ಇದು ಕೇವಲ ಪುಸ್ತಕದ ಮಾತಾಗಿರಲಿಲ್ಲ. ಕೆನಡಾದ ಟೊರಾಂಟೊದಲ್ಲಿ ವಿದ್ಯುತ್ ಟ್ರಾಮು ಬಂದು ಸೂಜಿ ಕೆಟ್ಟು 1898ರಲ್ಲಿ ವೀಕ್ಷಣಾಲಯ ಊರಾಚೆಯ ಅಜಿನ್‌ಕೋರ್ಟಿಗೆ ಹೋಗಿತ್ತು. ಅಮೆರಿಕದಲ್ಲಿ ವಾಷಿಂಗ್ಟನ್ ನಗರದಿಂದ ದೂರ ಚೆಲ್ಟನ್‌ಹ್ಯಾಮ್ ಎಂಬಲ್ಲಿ 1901ರಲ್ಲಿ ಹೊಸ ವೀಕ್ಷಣಾಲಯ ಆರಂಭವಾಗಿತ್ತು. ಲಂಡನ್ನಿನ ಹತ್ತಿರದ ಕ್ಯೂ ವೀಕ್ಷಣಾಲಯ ಕೂಡ ಇದೇ ಸಂಕಟದಲ್ಲಿತ್ತು. ಅದರ ಕಾಂತೀಯ ಕೆಲಸ ಕೊನೆಗೆ 1908ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಎಂಬ ಕುರಿ ಮೇಯುವ ಗುಡ್ಡಗಳ ನಡುವೆ ನೆಲೆಸಿತು. ಮುಂಬಯಿಯ ಟ್ರಾಮು ಇನ್ನೂ ನಕ್ಷೆಯಲ್ಲಿತ್ತು. ಅದು ಓಡತೊಡಗಿದ ಮೇಲೆ ಕೊಲಾಬಾದ ಸೂಜಿಯ ಗತಿ ಏನಾದೀತು ಎಂಬುದನ್ನು ಮೂಸ್ ಕಂಡುಕೊಂಡರು. ಓಡುವ ಮುಂಚೆಯೇ ಬೇರೆ ಜಾಗ ಆಗಬೇಕು ಎಂದು ನಿಶ್ಚಯಿಸಿದರು.

ಜಾಗ ಆರಿಸುವುದರಲ್ಲಿ ಎರಡು ಎಳೆತಗಳಿದ್ದವು. ಮುಂಬಯಿಯಿಂದ ದೂರ ಹೋಗಬೇಕು. ಆದರೆ ತೀರ ದೂರ ಹೋದರೆ ಅಲ್ಲಿನ ಕಾಂತಕ್ಷೇತ್ರವೇ ಬೇರೆಯಾಗಿ ಹಳೆಯ ದಾಖಲೆಯ ಜೊತೆ ಹೊಂದಿಕೆ ತಪ್ಪುತ್ತದೆ. ಅಲಿಬಾಗ್ ಎರಡಕ್ಕೂ ಒಗ್ಗಿತು. ಕಟ್ಟಡಕ್ಕೆ ಪೋರಬಂದರಿನ ಕಲ್ಲು ತರಿಸಲಾಯಿತು. ಕೊಂಕಣದಲ್ಲಿ ಕಲ್ಲಿಗೆ ಬರವೇನಿಲ್ಲ. ಆದರೆ ಅಲ್ಲಿನದು ಲಾವಾದಿಂದಾದ ಕಪ್ಪು ಕಲ್ಲು, ಅದರಲ್ಲಿ ಕಬ್ಬಿಣದ ಅಂಶವುಂಟು. ಅಂಥ ಕಲ್ಲಿನ ಗೋಡೆ ತಾನೇ ಒಂದು ದುರ್ಬಲ ಅಯಸ್ಕಾಂತ. ಪೋರಬಂದರಿನ ತಿಳಿಬಣ್ಣದ ಕಲ್ಲಿಗೆ ಆ ದೋಷವಿಲ್ಲ. ಇಂಥ ಕಟ್ಟಡದಲ್ಲಿ ಕಬ್ಬಿಣದ ಮೊಳೆ, ತಿರುಗಣಿ, ಚಿಲಕ ಯಾವುದೂ ಕೂಡದು. ಹಿತ್ತಾಳೆ, ತಾಮ್ರಗಳಲ್ಲೇ ಎಲ್ಲವನ್ನೂ ನಡೆಸಬೇಕು. ಒಳಗೆ ಹೋಗುವವರು ಸೊಂಟದ ಬೀಗದ ಕೈಯನ್ನು ಹೊರಗಿಟ್ಟು ಹೋಗಬೇಕು.

ಆಮೇಲೆ ಆ ಎರಡು ವರ್ಷಗಳ ಜೋಡಿ ಲೆಕ್ಕ. ಹಳ್ಳಿಯಲ್ಲಿ ಹಳೆಯ ಕೊಳಗ ಬಿಟ್ಟು ಹೊಸ ಕೊಳಗಕ್ಕೆ ಬದಲಾಗುವಾಗ ಒಂದೇ ರಾಶಿಯನ್ನು ಎರಡರಿಂದಲೂ ಅಳೆದು ನೋಡುತ್ತಾರಷ್ಟೆ. ಹೊಸದರ ಹತ್ತು ಹಳೆಯದರ ಎಷ್ಟು ಎಂದು ಗೊತ್ತಾದ ಮೇಲೆ ಹಳೆಯ ಸಾಲ, ಹಳೆಯ ಗೇಣಿ ಎಲ್ಲವೂ ಹೊಸ ಕೊಳಗದಲ್ಲಿ ನಿಲ್ಲುತ್ತವೆ. ಕೊಲಾಬಾ ಮತ್ತು ಅಲಿಬಾಗ್‌ಗಳಲ್ಲಿ ಒಂದೇ ಗಳಿಗೆಯ ಅಂಕಿಗಳನ್ನು ಎರಡು ವರ್ಷ ಹೋಲಿಸಿದ್ದರಿಂದ 1840ರ ದಶಕದಲ್ಲಿ ಆರಂಭವಾದ ಸಾಲು ತುಂಡಾಗದೆ ಅಲಿಬಾಗ್‌ಗೆ ದಾಟಿತು. 1906ರಲ್ಲಿ ಕೊಲಾಬಾದ ಕಾಂತೀಯ ಕೆಲಸ ನಿಂತಿತು. 1907ರ ಮೇ 7ರಂದು ಮುಂಬಯಿಯ ಮೊದಲ ವಿದ್ಯುತ್ ಟ್ರಾಮು ಓಡಿತು. 1846ರಿಂದ 1905ರವರೆಗಿನ ಅಳತೆಗಳನ್ನೆಲ್ಲ ಒಟ್ಟುಮಾಡಿ ಮೂಸ್ 1910ರಲ್ಲಿ ಪ್ರಕಟಿಸಿದರು. ಕಾಂತ ಬಿರುಗಾಳಿಗಳು ಮೇಲುನೋಟಕ್ಕೆ ಹುಚ್ಚಾಟವಾಗಿ ಕಂಡರೂ ಅವುಗಳ ಏರಿಳಿತದಲ್ಲಿ ಒಂದು ಕ್ರಮವಿದೆ ಎಂಬುದನ್ನು ತೋರಿಸಿದ ಗ್ರಂಥ ಅದು.

ಮುಂಬಯಿಯ ಟ್ರಾಮು 1964ರ ಮಾರ್ಚ್ 31ರಂದು ಕೊನೆಯ ಬಾರಿ ಓಡಿ ನಿಂತಿತು. ಅದರಿಂದ ಓಡಿಹೋದ ವೀಕ್ಷಣಾಲಯ ಇಂದೂ ಅಲಿಬಾಗ್‌ನಲ್ಲಿ ಕೆಲಸ ಮಾಡುತ್ತಿದೆ. 1971ರಲ್ಲಿ ಸ್ಥಾಪನೆಯಾದ ಭಾರತೀಯ ಭೂಕಾಂತತ್ವ ಸಂಸ್ಥೆ ಅದನ್ನು ನಡೆಸುತ್ತದೆ.

ಎಲ್ಲರಿಗೂ ಒಂದೇ ಸಲಕ್ಕೆ ನೆಲೆ ಸಿಕ್ಕಲಿಲ್ಲ. ಗ್ರೀನಿಚ್‌ನ ಸೂಜಿ ವಿದ್ಯುತ್ ರೈಲಿಗೆ ಹೆದರಿ 1920ರ ದಶಕದಲ್ಲಿ ಅಬಿಂಜರ್‌ಗೆ ಹೋಯಿತು, ಅಲ್ಲಿಗೂ ವಿದ್ಯುತ್ ರೈಲು ಬೆನ್ನಟ್ಟಿ ಬಂದು 1957ರಲ್ಲಿ ಅಟ್ಲಾಂಟಿಕ್ ತೀರದ ಹಾರ್ಟ್‌ಲ್ಯಾಂಡಿಗೆ ಹೋಯಿತು. ಜರ್ಮನಿಯ ಪಾಟ್ಸ್‌ಡಾಮ್‌ನದು 1907ರಲ್ಲಿ ಸೆಡಿನ್‌ಗೆ, 1930ರಲ್ಲಿ ನೀಮೆಗ್ಕ್‌ಗೆ. ಬಾಡಿಗೆ ಮನೆ ಬದಲಿಸುವ ಸಂಸಾರಗಳಂತೆ.

ಜಪಾನಿನ ಕಥೆ ಮಾತ್ರ ಬೇರೆ. ಟೋಕಿಯೊದ ಟ್ರಾಮುಗಳಿಂದ ತಪ್ಪಿಸಿಕೊಳ್ಳಲು 1913ರ ಸುಮಾರಿಗೆ ಅಲ್ಲಿನ ವೀಕ್ಷಣಾಲಯ ಈಶಾನ್ಯಕ್ಕೆ ಇಬರಾಕಿ ಪ್ರಾಂತದ ಕಕಿಯೊಕ ಎಂಬ ಸಣ್ಣ ಊರಿಗೆ ಹೋಯಿತು. ಮುಂದೆ ರೈಲು ಅತ್ತ ಕಡೆಗೂ ಬೆಳೆಯಿತು. ಈ ಸಲ ವೀಕ್ಷಣಾಲಯ ಗಂಟು ಮೂಟೆ ಕಟ್ಟಲಿಲ್ಲ. ರೈಲೇ ತಗ್ಗಿ ನಡೆಯಬೇಕಾಯಿತು. ಕಾಂತೀಯ ವೀಕ್ಷಣೆಗೆ ತೊಂದರೆಯಾಗುವಷ್ಟು ವಿದ್ಯುತ್ತು ಸೋರದಂತೆ ರೈಲುಮಾರ್ಗ ಕಟ್ಟಬೇಕೆಂಬ ನಿಯಮ ಅಲ್ಲಿದೆ. ಅದರ ಫಲ ಇಂದೂ ಕಣ್ಣಿಗೆ ಕಾಣುತ್ತದೆ. ಟೋಕಿಯೊದಿಂದ ಹೊರಡುವ ಜೋಬಾನ್ ಮಾರ್ಗ ತೊರಿದೆ ನಿಲ್ದಾಣದವರೆಗೆ ಡಿ.ಸಿ., ಅಲ್ಲಿಂದಾಚೆ ಎ.ಸಿ. 2005ರಲ್ಲಿ ಆರಂಭವಾದ ಸುಕುಬಾ ಎಕ್ಸ್‌ಪ್ರೆಸ್ ಮಾರ್ಗ ಮೊರಿಯಾ ನಿಲ್ದಾಣದವರೆಗೆ 1,500 ವೋಲ್ಟಿನ ಡಿ.ಸಿ., ಅಲ್ಲಿಂದಾಚೆ 20,000 ವೋಲ್ಟಿನ ಎ.ಸಿ. ಎರಡನ್ನೂ ಉಣ್ಣಬಲ್ಲ ಗಾಡಿಗಳು ದುಬಾರಿ. ಡಿ.ಸಿ.ಯೊಂದನ್ನೇ ಬಲ್ಲ ಗಾಡಿಗಳು ಮೊರಿಯಾದಿಂದ ಹಿಂದಿರುಗುತ್ತವೆ. ಪಕ್ಕದ ಜೋಸೊ ಮಾರ್ಗದಲ್ಲಿ ಡೀಸೆಲ್ ಗಾಡಿಗಳೇ ಓಡುತ್ತವೆ. ದಿನವೂ ಕೆಲಸಕ್ಕೆ ಹೋಗಿ ಬರುವ ಸಾವಿರಾರು ಜನ ಒಂದು ಹಳ್ಳಿಯ ಸೂಜಿಗಾಗಿ ತೆರುವ ಕಂದಾಯ ಇದು. ಕೊಡುವುದು ನ್ಯಾಯವೇ ಎಂದು ಅಲ್ಲಿನವರು ಕೇಳಿದರೆ ತಪ್ಪು ಹೇಳಲಾಗದು. ಆದರೆ ಕಂದಾಯ ಎಷ್ಟು ಎಂಬುದು ಕಂಬಿ ಹಾಸುವ ಮೊದಲೇ ಲೆಕ್ಕಕ್ಕೆ ಬಂದಿತ್ತು ಎಂಬುದೇ ದೊಡ್ಡದು.

ಎ.ಸಿ. ಏಕೆ ವಾಸಿ? ಅದರ ಪ್ರವಾಹ ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಡುತ್ತದೆ. ನಿಧಾನವಾದ ಏರಿಳಿತ ಬರೆಯುವ ಸೂಜಿಗೆ ಆ ನಡುಕದ ಸರಾಸರಿ ಸೊನ್ನೆ. ಜೊತೆಗೆ ಎ.ಸಿ.ಯನ್ನು ಹೆಚ್ಚಿನ ವೋಲ್ಟಿನಲ್ಲಿ ಕೊಡಬಹುದಾದ್ದರಿಂದ ಪ್ರವಾಹ ಕಡಿಮೆ ಸಾಕು. ಮೂರು ಮೆಗಾವಾಟ್ ಬೇಡುವ ರೈಲಿಗೆ 750 ವೋಲ್ಟಿನಲ್ಲಾದರೆ 4,000 ಆಂಪೇರ್ ಬೇಕು. 25,000 ವೋಲ್ಟಿನಲ್ಲಾದರೆ 120 ಸಾಕು. ಬೆಂಗಳೂರಿನ ನಮ್ಮ ಮೆಟ್ರೊ ಕಂಬಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟಿನ ಡಿ.ಸಿ. ಪಡೆದು ಓಡುತ್ತದೆ. ಚೆನ್ನೈ, ಹೈದರಾಬಾದುಗಳ ಮೆಟ್ರೊಗಳು ಮೇಲಿನ ತಂತಿಯಿಂದ 25,000 ವೋಲ್ಟಿನ ಎ.ಸಿ. ಪಡೆಯುತ್ತವೆ. ಪ್ರಯಾಣಿಕರಿಗೆ ವ್ಯತ್ಯಾಸ ಕಾಣುವುದು ತಂತಿ ಇದೆಯೋ ಇಲ್ಲವೋ ಎಂಬಷ್ಟರಲ್ಲಿ. ಪಕ್ಕದ ಪ್ರಯೋಗಾಲಯಕ್ಕೆ ಕಾಣುವುದು ಬೇರೆ ರೀತಿ.

ಹಾಗೆಂದು ಎ.ಸಿ. ಎಲ್ಲರಿಗೂ ಹಿತವಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ತೆಗೆದುಕೊಳ್ಳಿ. ಅದರಲ್ಲಿ ನೋಡಬೇಕಾದ ವಸ್ತುವಿನ ಮೇಲೆ ಎಲೆಕ್ಟ್ರಾನುಗಳ ಸಣ್ಣ ಧಾರೆ ಬೀಳುತ್ತದೆ. ಕಾಂತಕ್ಷೇತ್ರ ಆ ಧಾರೆಯನ್ನು ಬಾಗಿಸುತ್ತದೆ. ಧಾರೆ ಸಾಲು ಸಾಲಾಗಿ ಓಡಿ ಚಿತ್ರ ಬರೆಯುವ ಬಗೆಯ ಸೂಕ್ಷ್ಮದರ್ಶಕದಲ್ಲಿ ಪಕ್ಕದ ಗೋಡೆಯಲ್ಲಿ ಐವತ್ತರ ನಡುಕದ ದೊಡ್ಡ ಕೇಬಲ್ ಹೋಗಿದ್ದರೆ ನೇರವಿರಬೇಕಾದ ಅಂಚು ಚಿತ್ರದಲ್ಲಿ ಹಾವಿನಂತೆ ನುಲಿಯುತ್ತದೆ. ಉತ್ತಮ ದರ್ಜೆಯ ಯಂತ್ರಗಳು ಬೇಡುವುದು ಕೆಲವೇ ಹತ್ತು ನ್ಯಾನೊಟೆಸ್ಲಾಗಳ ಒಳಗಿನ ಅಡಚಣೆ. ಅಣುಗಳ ರಚನೆ ತಿಳಿಯಲು ಬಳಸುವ ಎನ್.ಎಂ.ಆರ್. ಯಂತ್ರದ ಚಿಂತೆ ಇದಕ್ಕೆ ವಿರುದ್ಧ. ಅದರ ಅಯಸ್ಕಾಂತ 14 ಟೆಸ್ಲಾದಷ್ಟು ಬಲವಾದದ್ದು. ಆದರೆ ಆ ಬಲ ನೂರು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿ ನಿಶ್ಚಲವಾಗಿರಬೇಕು. ಅದನ್ನು ಕಾಡುವುದು ನಿಧಾನವಾದ ಬದಲಾವಣೆ: ರೈಲು ಹೊರಡುವುದು, ಲಾರಿ ಹಾಯುವುದು, ಲಿಫ್ಟು ಏರುವುದು. ಒಂದೇ ಕಟ್ಟಡದಲ್ಲಿ ಎರಡೂ ಯಂತ್ರಗಳಿರಬೇಕಾದರೆ ಒಬ್ಬರ ಪಥ್ಯ ಇನ್ನೊಬ್ಬರಿಗಲ್ಲ.

ಹೊಸ ಕಟ್ಟಡದ ಮುನ್ನಂದಾಜು ಆರಂಭವಾಗುವುದು ಖಾಲಿ ನಿವೇಶನದಿಂದ. ಅಲ್ಲಿ ಕಾಂತಮಾಪಕ ಇಟ್ಟು ಮೂರು ದಿಕ್ಕಿನ ಕ್ಷೇತ್ರವನ್ನು ಹಗಲು ರಾತ್ರಿ ಬರೆಸಬೇಕು. ಕೆಲಸದ ದಿನ, ರಜೆಯ ದಿನ ಎರಡನ್ನೂ ಹಿಡಿಯಬೇಕು. ನಡುರಾತ್ರಿಯ ಗೆರೆ ಸುಮ್ಮನಿದ್ದು ಬೆಳಗಿನ ಎಂಟಕ್ಕೆ ಕುಣಿಯತೊಡಗಿದರೆ ಕಳ್ಳ ರಸ್ತೆಯಲ್ಲೋ ಹಳಿಯಲ್ಲೋ ಇದ್ದಾನೆ. ಎರಡನೆಯದು, ಇನ್ನೂ ಇಲ್ಲದ್ದನ್ನು ಲೆಕ್ಕ ಹಾಕುವುದು. ಕಟ್ಟಡ ತನ್ನ ಜೊತೆಯಲ್ಲೇ ಶತ್ರುಗಳನ್ನು ತರುತ್ತದೆ. ಅದರ ಟ್ರಾನ್ಸ್‌ಫಾರ್ಮರ್ ಕೋಣೆ, ಅಲ್ಲಿಂದ ಮಹಡಿಗಳಿಗೆ ಏರುವ ದಪ್ಪ ವಾಹಕಗಳು, ಲಿಫ್ಟಿನ ಉಕ್ಕಿನ ಪೆಟ್ಟಿಗೆ ಮತ್ತು ಅದರ ಎದುರುತೂಕ, ನೆಲಮಾಳಿಗೆಯ ಕಾರುಗಳು. ಉಕ್ಕಿನ ವಸ್ತುವಿನ ಪ್ರಭಾವ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ಎಂಟರಲ್ಲಿ ಒಂದಾಗುತ್ತದೆ. ಆದ್ದರಿಂದ ಸೂಕ್ಷ್ಮದರ್ಶಕದ ಕೋಣೆಯನ್ನು ಲಿಫ್ಟಿನಿಂದ ಐದು ಮೀಟರಿನ ಬದಲು ಹತ್ತು ಮೀಟರ್ ದೂರಕ್ಕೆ ಸರಿಸಿದರೆ ದೊಡ್ಡ ಉಪಕಾರ. ನಕ್ಷೆಯ ಮೇಲೆ ಅದಕ್ಕೆ ತಗಲುವ ಖರ್ಚು ರಬ್ಬರು ಮತ್ತು ಪೆನ್ಸಿಲ್ಲಿನದು. ಕಟ್ಟಿದ ಮೇಲೆ ಅದೇ ಕೆಲಸಕ್ಕೆ ಗೋಡೆ ಒಡೆಯಬೇಕು.

ಎಲ್ಲಕ್ಕಿಂತ ಠಕ್ಕ ಶತ್ರು ಕಟ್ಟಡದ ವೈರಿಂಗಿನಲ್ಲಿ ಅಡಗಿರುತ್ತದೆ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಅಕ್ಕಪಕ್ಕ ಹೋದರೆ ಅವುಗಳ ಕ್ಷೇತ್ರಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಯಾವನೋ ಒಬ್ಬ ಕೆಲಸಗಾರ ನ್ಯೂಟ್ರಲ್ಲನ್ನು ಇನ್ನೊಂದು ಕಡೆಯಲ್ಲೂ ಅರ್ತಿಗೆ ಕಟ್ಟಿಬಿಟ್ಟರೆ ವಾಪಸು ಹೋಗುವ ಪ್ರವಾಹದ ಒಂದು ಪಾಲು ನೀರಿನ ಕೊಳವೆ, ಉಕ್ಕಿನ ತೊಲೆಗಳನ್ನು ಹಿಡಿದು ಹೋಗುತ್ತದೆ. ಜೋಡಿ ಮುರಿಯಿತು, ಒಂಟಿ ತಂತಿಯ ಲೆಕ್ಕ ಶುರುವಾಯಿತು. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಮೂರನೆಯ ಮಹಡಿಯ ಸೂಕ್ಷ್ಮದರ್ಶಕ ಮಾತ್ರ ಹಾವಿನ ಚಿತ್ರ ಬರೆಯುತ್ತಿರುತ್ತದೆ. ಮುಂಬಯಿಯ ರಸ್ತೆಗೆ ಹೆದರಿದ ಸೋರಿಕೆಯೇ ಇಲ್ಲಿ ಮನೆಯೊಳಗೆ ಬಂದು ಕೂತಿದೆ. ಇದನ್ನು ಯಾವ ಕಂಪ್ಯೂಟರ್ ಲೆಕ್ಕವೂ ಮುಂಚಿತವಾಗಿ ಹೇಳದು. ಕೆಲಸ ನಡೆಯುವಾಗಲೇ ಮೇಲುಸ್ತುವಾರಿ ಮಾಡಬೇಕು.

ತಡವಾದ ಮೇಲೆ ಉಳಿಯುವ ಚಿಕಿತ್ಸೆಗಳೂ ಉಂಟು. ಮ್ಯೂಮೆಟಲ್ ಎಂಬ ನಿಕ್ಕಲ್ ಪ್ರಧಾನ ಮಿಶ್ರಲೋಹದ ತಗಡಿನಿಂದ ಕೋಣೆಗೆ ಕವಚ ಹೊದಿಸಬಹುದು. ಬೆಲೆ ಬಹಳ, ಬಾಗಿಲು ಕಿಟಕಿಗಳಲ್ಲಿ ನುಸುಳು ದಾರಿ ಉಳಿಯುತ್ತದೆ. ಕೋಣೆಯ ಸುತ್ತ ತಂತಿಯ ಸುರುಳಿಗಳನ್ನು ಇಟ್ಟು, ನಡುವಿನ ಸಂವೇದಕ ಹೇಳಿದಂತೆ ವಿರುದ್ಧ ಕ್ಷೇತ್ರ ಹುಟ್ಟಿಸಿ ಅಡಚಣೆಯನ್ನು ಅಳಿಸಬಹುದು. ಆದರೆ ಅದು ಸರಿಯಾಗಿ ಅಳಿಸುವುದು ಸಂವೇದಕ ಇರುವ ಜಾಗದಲ್ಲಿ. ಎರಡು ಮೀಟರ್ ಆಚೆ ಇನ್ನೊಂದು ಯಂತ್ರವಿದ್ದರೆ ಅದಕ್ಕೆ ಉಪಕಾರವೋ ಅಪಕಾರವೋ ಹೇಳಲಾಗದು.

ಇಂಥ ಲೆಕ್ಕಗಳು ನ್ಯಾಯಾಲಯದವರೆಗೂ ಹೋಗಿವೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹೊಸ ಲಘು ರೈಲುಮಾರ್ಗ ಮಿನೆಸೋಟ ವಿಶ್ವವಿದ್ಯಾಲಯದ ನಟ್ಟನಡುವೆ, ವಾಷಿಂಗ್ಟನ್ ಅವೆನ್ಯೂ ಮೇಲೆ ಹಾಯುವುದೆಂದು ನಿಶ್ಚಯವಾಯಿತು. ರಸ್ತೆಯ ಬದಿಯ ಕಟ್ಟಡಗಳಲ್ಲಿ ಎನ್.ಎಂ.ಆರ್. ಯಂತ್ರಗಳಿದ್ದವು. ಕಂಪನ ಮತ್ತು ಕಾಂತಕ್ಷೇತ್ರಗಳಿಂದ ಸಂಶೋಧನೆ ಕೆಡುತ್ತದೆ ಎಂದು ವಿಶ್ವವಿದ್ಯಾಲಯ 2009ರಲ್ಲಿ ದಾವೆ ಹೂಡಿತು. 2010ರಲ್ಲಿ ರಾಜಿಯಾಗಿ, 2014ರ ಜೂನ್‌ನಲ್ಲಿ ರೈಲು ಓಡಿತು. ಸಿಯಾಟಲ್‌ನಲ್ಲಿ ಮಾತು ಮೊದಲೇ ನಡೆಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೆಳಗೆ ಸುರಂಗದಲ್ಲಿ ಹಾಯುವ ರೈಲಿಗೆ 2007ರಲ್ಲೇ ಒಪ್ಪಂದ ಬರೆಯಲಾಯಿತು. ಪ್ರಯೋಗಾಲಯದ ಕಟ್ಟಡಗಳಲ್ಲಿ ಕಂಪನ ಇಷ್ಟು ಮೀರಕೂಡದು, ಕಾಂತಕ್ಷೇತ್ರದ ಬದಲಾವಣೆ ಇಷ್ಟು ಮೀರಕೂಡದು ಎಂದು. ಆ ರೈಲು ಬಳಸುವುದು ಅಲ್ಲಿನ ಲಘು ರೈಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 750 ವೋಲ್ಟಲ್ಲ, 1,500. ಆದ್ದರಿಂದ ಪ್ರವಾಹ ಅರ್ಧ. 2016ರಲ್ಲಿ ಮೊದಲ ನಿಲ್ದಾಣ, 2021ರಲ್ಲಿ ಮುಂದಿನ ಮಾರ್ಗ ತೆರೆಯಿತು. ಸಂಖ್ಯೆಯಲ್ಲಿ ಬರೆದ ಮಿತಿಗೆ ಒಂದು ಗುಣವಿದೆ. ಎರಡು ರೈಲುಗಳು ಒಂದೇ ಗಳಿಗೆಯಲ್ಲಿ ವೇಗ ಹೆಚ್ಚಿಸಿದಾಗ ಏನಾಗುತ್ತದೆ, ಮುಂದೆ ಗಾಡಿಗಳ ಸಂಖ್ಯೆ ಏರಿದಾಗ ಏನಾಗುತ್ತದೆ ಎಂಬುದನ್ನು ಮಿತಿ ಒಪ್ಪಿಕೊಂಡವರೇ ಲೆಕ್ಕ ಹಾಕಬೇಕಾಗುತ್ತದೆ. ‘ತೊಂದರೆಯಾಗದಂತೆ ನೋಡಿಕೊಳ್ಳಲಾಗುವುದು’ ಎಂಬ ಸರ್ಕಾರಿ ವಾಕ್ಯಕ್ಕೆ ಆ ಗುಣವಿಲ್ಲ.

ಭಾರತದಲ್ಲಿ ಮೂಸ್ ಅವರ ದಾರಿಯನ್ನು ಮತ್ತೆ ತುಳಿದದ್ದು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ. ಉಪ್ಪಲ್ ರಸ್ತೆಯಲ್ಲಿರುವ ಅದರ ಆವರಣದಲ್ಲಿ 1964ರಿಂದ ಕಾಂತೀಯ ವೀಕ್ಷಣೆ ನಡೆದು ಬಂದಿತ್ತು. ಆಗ ಅದು ಊರ ಹೊರಗು. ನಗರ ಬೆಳೆದು ಆವರಣವನ್ನು ಸುತ್ತುವರಿಯಿತು. ಮೆಟ್ರೊ ಮಾರ್ಗ ಅದೇ ರಸ್ತೆಯಲ್ಲಿ ಹಾಯುವುದೆಂದೂ ತಿಳಿದುಬಂತು. ಅಲ್ಲಿ ಓಡಲಿದ್ದದ್ದು ಎ.ಸಿ. ರೈಲು, ನಿಜ. ಆದರೆ ಹಗಲೆಲ್ಲ ಹಾದುಹೋಗುವ ಉಕ್ಕಿನ ಗಾಡಿಗಳೇ ಸೂಜಿಗೆ ಸಾಕಷ್ಟು ಕಾಟ. ವಿಜಯವಾಡದ ಹೆದ್ದಾರಿಯಲ್ಲಿರುವ ಚೌಟುಪ್ಪಲ್‌ನಲ್ಲಿ ಇನ್ನೊಂದು ವೀಕ್ಷಣಾಲಯವನ್ನು ಸಂಸ್ಥೆ ಸಿದ್ಧಗೊಳಿಸಿತು. ಮೆಟ್ರೊಗೆ ಮುಂಚೆಯೇ ಅಲ್ಲಿ ಅಳತೆ ಆರಂಭವಾಗಿತ್ತು. 2017ರ ನವೆಂಬರಿನಲ್ಲಿ ಮೆಟ್ರೊ ಓಡಿತು. ಹಬ್ಸಿಗುಡ ದಾಟಿದ ಮೇಲೆ ಗಾಡಿ ಸಂಸ್ಥೆಯ ಗೇಟಿನ ಬಳಿ ನಿಲ್ಲುತ್ತದೆ. ಆ ನಿಲ್ದಾಣಕ್ಕೆ ಸಂಸ್ಥೆಯದೇ ಹೆಸರು ಇಟ್ಟಿದ್ದಾರೆ: ಎನ್.ಜಿ.ಆರ್.ಐ.